ಹಾಲ್‌ನ ಲೈಟ್ ಹಾಕಲು ಅಪ್ಪ ಈಗ ಅಮ್ಮನನ್ನು ಕೇಳಬೇಕು

ಜಾಲಹಳ್ಳಿ ಕ್ರಾಸ್
ಸಲಹೆ ಬೇಕು, ಜೊತೆಗೆ ಸ್ವಲ್ಪ ಗೋಳೂ ಹೇಳಿಕೊಳ್ಳಬೇಕು. ಎಲ್ಲರ ಮನೆಯಲ್ಲೂ ಅಪ್ಪನಿಗೆ ಹೊಸ ಮೊಬೈಲಿನ ಹುಚ್ಚು, ಅಮ್ಮನಿಗೆ ವಾಟ್ಸಾಪ್ ಬಿಟ್ಟು ಬೇರೆ ಗೊತ್ತಿಲ್ಲ ಅನ್ನುವ ಕಥೆ. ನಮ್ಮ ಮನೆಯಲ್ಲಿ ಉಲ್ಟಾ.

ಅಮ್ಮನಿಗೆ ಈಗ 68. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ 22 ವರ್ಷ ಅಸೆಂಬ್ಲಿ ಕೆಲಸ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ 1961ರಲ್ಲಿ ಶುರುವಾಯಿತಲ್ಲ, ಅದೇ ಫ್ಯಾಕ್ಟರಿ. ಸ್ವಯಂ ನಿವೃತ್ತಿ ತೆಗೆದುಕೊಂಡು ಮನೆಗೆ ಬಂದ ಮೇಲೂ ಅವರ ಕೈ ಸುಮ್ನೆ ಇರಲಿಲ್ಲ. ಮಿಕ್ಸಿ, ರೇಡಿಯೋ, ಪಕ್ಕದ ಮನೆಯವರ ಗೋಡೆ ಗಡಿಯಾರ, ಯಾವುದು ಸಿಕ್ಕಿದರೂ ಬಿಚ್ಚುತ್ತಿದ್ದರು. ಅಲ್ಲಿಯವರೆಗೆ ಸರಿ ಇತ್ತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ ಫ್ರೀ ಆಯಿತು. ಅಮ್ಮ ಬೆಳಿಗ್ಗೆ ತಿಂಡಿ ಮುಗಿಸಿ ಬಸ್ ಹತ್ತಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದು, ಅಲ್ಲಿಂದ ನಡೆದುಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗುವುದನ್ನು ಶುರು ಮಾಡಿದರು. ಹೂವು ತರ್ತೀನಿ ಅಂತ ಹೋದವರು ಹೂವಿನ ಜೊತೆ ಒಂದು ವೈಫೈ ಬಲ್ಬ್ ತರುತ್ತಾರೆ. ಕೇಳಿದರೆ, ‘ಬಸ್ ಚಾರ್ಜ್ ಉಳೀತಲ್ಲ, ಅದ್ರಲ್ಲೇ ಬಂತು’ ಅನ್ನುತ್ತಾರೆ. ಎಷ್ಟು ಸಲ ಬಸ್ಸಿನಲ್ಲಿ ಹೋದರೆ ಅಷ್ಟು ಉಳಿಯುತ್ತದೆ ಅಂತ ಲೆಕ್ಕ ಕೇಳುವ ಧೈರ್ಯ ನನಗಿಲ್ಲ.

ಈಗ ಮನೆಯ ಎಲ್ಲಾ ಬಲ್ಬುಗಳೂ ಫೋನ್ ಮಾತು ಕೇಳುತ್ತವೆ. ಗೋಡೆಯ ಸ್ವಿಚ್ ಆಫ್ ಮಾಡಿದರೆ ಬಲ್ಬ್‌ಗೆ ಕರೆಂಟ್ ನಿಂತು ವೈಫೈ ಕಟ್ಟಾಗುತ್ತದೆ. ಅದಕ್ಕೇ ಅಮ್ಮ ಎಲ್ಲಾ ಸ್ವಿಚ್ ಮೇಲೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಅಂಟಿಸಿ, ಬಾಲ್‌ಪೆನ್ನಿನಲ್ಲಿ ‘ಮುಟ್ಟಬೇಡಿ’ ಅಂತ ಬರೆದಿದ್ದಾರೆ. ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಲೈಟ್ ಬೇಕಾದರೆ ಸ್ಪೀಕರ್‌ಗೆ ಹೇಳಬೇಕು, ಆ ಸ್ಪೀಕರ್‌ಗೆ ಕನ್ನಡ ಬರುವುದಿಲ್ಲ. ‘ನನ್ನ ಮನೇಲಿ ದೀಪ ಹಚ್ಚೋಕೆ ನಾನ್ಯಾಕೆ ಇಂಗ್ಲಿಷ್ ಮಾತಾಡ್ಲಿ?’ ಅಂತ ಹಟ ಹಿಡಿದು ಕತ್ತಲಲ್ಲೇ ಕೂತಿರುತ್ತಾರೆ. ಮೊನ್ನೆ ಸಂಜೆ ಹೋದಾಗ ಹಾಲ್‌ನಲ್ಲಿ ಟಿವಿ ಬೆಳಕು ಮಾತ್ರ. ಅಮ್ಮ ಎಲ್ಲಿ ಅಂದೆ. ‘ದೇವಸ್ಥಾನಕ್ಕೆ ಹೋಗಿದಾಳೆ. ಅವಳು ಬಂದ್ಮೇಲೆ ಬೆಳಕು’ ಅಂದರು.

ಹೋದ ವಾರ ಇದಕ್ಕಿಂತ ದೊಡ್ಡದೇ ಆಯಿತು. ಗೀಸರ್‌ಗೆ ಸ್ಮಾರ್ಟ್ ಪ್ಲಗ್ ಹಾಕಿ ಬೆಳಿಗ್ಗೆ ಐದೂವರೆಗೆ ತಾನೇ ಆನ್ ಆಗುವಂತೆ ಮಾಡಿದ್ದರು. ಒಂದು ದಿನ ಸುಟ್ಟ ವಾಸನೆ. ನೋಡಿದರೆ ಪ್ಲಗ್ ಒಂದು ಪಕ್ಕ ಕರಗಿ ವಾಲಿಕೊಂಡಿದೆ. ಇನ್ನು ಮೇಲೆ ಇದೆಲ್ಲ ಬೇಡ ಅಂತ ನಾನು ಜೋರು ಮಾಡಿದೆ. ಅಮ್ಮ ಏನೂ ಮಾತಾಡಲಿಲ್ಲ. ಎರಡು ದಿನದಿಂದ ಫೋನ್ ಮಾಡಿದರೆ ‘ಊಟ ಆಯ್ತು, ಇಡ್ಲಾ’ ಅಷ್ಟೇ.

ನಿಮ್ಮ ಮನೆಗಳಲ್ಲಿ ಹೇಗೆ ನಿಭಾಯಿಸುತ್ತೀರಿ?

ಬಸವನಗುಡಿ ಸೊಸೆ
‘ಅವಳು ಬಂದ್ಮೇಲೆ ಬೆಳಕು’! ನಿಮ್ಮಪ್ಪನ ಈ ಮಾತಿಗೆ ಕಾಫಿ ಉಕ್ಕಿಸಿಕೊಂಡೆ.

ನಮ್ಮ ಮಾವ ಹೀಗೇ. ಅವರದು ಅಳೆಯುವ ಹುಚ್ಚು. ಬಿಪಿ ಮಿಷನ್, ಆಕ್ಸಿಮೀಟರ್, ವಾಚು. ಮನೆಗೆ ಬಂದ ನೆಂಟರು ಚಪ್ಪಲಿ ಬಿಡುವ ಮೊದಲೇ ತೋಳಿಗೆ ಪಟ್ಟಿ ಸುತ್ತುತ್ತಾರೆ. ಎಲ್ಲರಿಗೂ ಜಾಸ್ತಿ ಬರುತ್ತದೆ. ಆಮೇಲೆ ಎಲ್ಲರಿಗೂ ಉಪ್ಪಿಲ್ಲದ ಊಟ.

ಮೂರನೇ ಶಿಫ್ಟ್
ನರ್ಸ್ ಆಗಿ ಹೇಳ್ತೀನಿ. ಮೂರು ಮಹಡಿ ಹತ್ತಿ ಬಂದವರ ಬಿಪಿ ಆಗಲೇ ನೋಡಿದರೆ ಜಾಸ್ತಿ ಬರದೆ ಇನ್ನೇನು? ಐದು ನಿಮಿಷ ಸುಮ್ನೆ ಕೂರಿಸಿ. ಬೆನ್ನಿಗೆ ಒರಗು ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು. ಅಳೆಯುವಾಗ ಮಾತು ಬೇಡ. ಬಸವನಗುಡಿಯಲ್ಲಿ ಈ ಕೊನೆಯದು ಕಷ್ಟ, ಗೊತ್ತು.

ಇನ್ನೊಂದು ಮುಖ್ಯ. ವಾಚಿನ ಇಸಿಜಿ ‘ನಾರ್ಮಲ್’ ಅಂತ ತೋರಿಸಿತು ಅಂದರೆ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಅರ್ಥವಲ್ಲ. ಅದು ನೋಡುವುದು ಬಡಿತದ ಲಯವನ್ನು. ಎದೆನೋವು ಬಂದರೆ ವಾಚ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

ಫೇಸ್ ನ್ಯೂಟ್ರಲ್
ನಾನು ಎಲೆಕ್ಟ್ರಿಷಿಯನ್. ಇಪ್ಪತ್ತು ವರ್ಷದಿಂದ ಯಶವಂತಪುರ, ಮತ್ತಿಕೆರೆ ಕಡೆ ಕೆಲಸ. ಗೀಸರ್ ವಿಷಯಕ್ಕೆ ಮೊದಲು ಬರೋಣ, ಬಲ್ಬ್ ಆಮೇಲೆ.

ಗೀಸರ್ ಎಷ್ಟು ವ್ಯಾಟ್? 3 ಕಿಲೋವ್ಯಾಟ್ ಆದರೆ 230 ವೋಲ್ಟ್‌ಗೆ 13 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್ ಹಾಕಿದ್ದರೆ ಕರಗಿದ್ದು ಆಶ್ಚರ್ಯವಲ್ಲ. 16 ಆಂಪಿಯರ್ ಪ್ಲಗ್ಗೇ ಹಾಕಿದ್ದರೂ ಗೋಡೆಯ ಸಾಕೆಟ್ ಹಳೆಯದಾಗಿದ್ದರೆ ಕಥೆ ಅದೇ. ಒಳಗಿನ ಹಿತ್ತಾಳೆ ಪಟ್ಟಿ ವರ್ಷಗಟ್ಟಲೆ ಬಿಸಿಯಾಗಿ ಸಡಿಲ ಆಗಿರುತ್ತದೆ. ಪಿನ್ನನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಲೂಸ್ ಇದ್ದ ಕಡೆ ಕಾವು. ಆ ಕಾವಿಗೆ ಇನ್ನಷ್ಟು ಲೂಸ್. ಹಾಗಾಗಿ ಅಮ್ಮನ ಮೇಲೆ ರೇಗುವ ಮೊದಲು ಪ್ಲಗ್ಗಿನ ಯಾವ ಪಕ್ಕ ಸುಟ್ಟಿದೆ ನೋಡಿ. ಪಿನ್ ಇರುವ ಪಕ್ಕ ಕಪ್ಪಾಗಿದ್ದರೆ ತಪ್ಪು ಗೋಡೆಯದು.

ಏನೇ ಇರಲಿ, ಗೀಸರ್‌ಗೆ ಪ್ಲಗ್ ಬೇಡ. 20 ಆಂಪಿಯರ್ ಡಬಲ್ ಪೋಲ್ ಸ್ವಿಚ್ ಹಾಕಿಸಿ, ಕೆಂಪು ದೀಪ ಇರುವಂಥದ್ದು. ಅರ್ಥಿಂಗ್ ಚೆಕ್ ಮಾಡಿಸಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ, ಅಂದರೆ ಕರೆಂಟ್ ಸೋರಿದರೆ ತಾನೇ ಟ್ರಿಪ್ ಆಗುವ ಬ್ರೇಕರ್. 30 ಮಿಲಿ ಆಂಪಿಯರಿನದು. ಇಲ್ಲದಿದ್ದರೆ ಮೊದಲು ಅದು, ಬಲ್ಬಿನ ಬಣ್ಣ ಆಮೇಲೆ.

ಪಂಪ್‌ಹೌಸ್
ಸಾಕೆಟ್ಟೋ ಪ್ಲಗ್ಗೋ, ವಯಸ್ಸಾದವರಿಗೆ ಇದೆಲ್ಲ ಯಾಕೆ ಬೇಕು ಅಂತ ಯಾರೂ ಕೇಳುತ್ತಿಲ್ಲವಲ್ಲ. ಸ್ವಿಚ್ ಇದೆ, ಬೆರಳಿದೆ. ಒತ್ತಿದರೆ ಆಯಿತು.

ಬಸವನಗುಡಿ ಸೊಸೆ
@ಪಂಪ್‌ಹೌಸ್ ಒಲೆ ಇತ್ತು, ಸೌದೆ ಇತ್ತು. ಗ್ಯಾಸ್ ಯಾಕೆ ತಂದಿರಿ?

ಪಂಪ್‌ಹೌಸ್
ಗ್ಯಾಸಿನಿಂದ ಕೆಲಸ ಕಮ್ಮಿ ಆಯಿತು. ಇಲ್ಲಿ ಒಬ್ಬರು ಕತ್ತಲಲ್ಲಿ ಕೂತಿದ್ದಾರೆ. ನಾನು ಹೇಳಿದ್ದು ಅಷ್ಟೇ.

ಜಾಲಹಳ್ಳಿ ಕ್ರಾಸ್
@ಪಂಪ್‌ಹೌಸ್ ನಿಮ್ಮ ಈ ಮಾತು ಒಪ್ಪುತ್ತೇನೆ. ಅಮ್ಮ ಏನಾದರೂ ತರಲಿ, ಅದನ್ನು ಅಪ್ಪ ಯಾಕೆ ಅನುಭವಿಸಬೇಕು ಅನ್ನುವುದೇ ನನ್ನ ತಕರಾರು. ಇನ್ನೊಂದು ಹೇಳುವುದು ಮರೆತೆ. ರಾತ್ರಿ ಎರಡೂವರೆಗೆ ಕರೆಂಟ್ ಹೋಗಿ ಬಂದರೆ ಎಲ್ಲಾ ಬಲ್ಬೂ ಒಟ್ಟಿಗೆ ಹತ್ತಿಕೊಳ್ಳುತ್ತವೆ. ಮೊದಲ ಸಲ ಅಪ್ಪ ಕಳ್ಳ ಬಂದ ಅಂತ ಕೋಲು ಹಿಡಿದು ಎದ್ದರಂತೆ.

ಫೇಸ್ ನ್ಯೂಟ್ರಲ್
ಅದಕ್ಕೆ ಆ್ಯಪ್‌ನಲ್ಲೇ ಸೆಟ್ಟಿಂಗ್ ಇರುತ್ತದೆ. ಕರೆಂಟ್ ಬಂದಾಗ ಬಲ್ಬ್ ಹೇಗಿರಬೇಕು ಅನ್ನುವ ಕಡೆ ‘ಮೊದಲು ಹೇಗಿತ್ತೋ ಹಾಗೆ’ ಅಂತ ಆರಿಸಿ. ಕಂಪನಿಯಿಂದ ಬರುವಾಗ ಸಾಮಾನ್ಯವಾಗಿ ‘ಆನ್’ ಅಂತ ಇರುತ್ತದೆ.

ಸ್ವಿಚ್ ಜಗಳಕ್ಕೆ ಪರಿಹಾರ ಇದು. ಬಲ್ಬ್ ಸ್ಮಾರ್ಟ್ ಇರುವುದು ಬೇಡ, ಸ್ವಿಚ್ಚೇ ಸ್ಮಾರ್ಟ್ ಇರಲಿ. ಬೋರ್ಡಿನ ಒಳಗೆ ಕೂರುವ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಮಾಡ್ಯೂಲ್, ಅಂದರೆ ಫೋನ್ ಮಾತು ಕೇಳುವ ಸ್ವಿಚ್, ಸಿಗುತ್ತದೆ. ಹಳೆಯ ಸ್ವಿಚ್‌ನ ವೈರನ್ನು ಅದಕ್ಕೆ ಕೊಟ್ಟರೆ ಅಪ್ಪ ಬೆರಳಲ್ಲಿ ಒತ್ತಿದರೂ ಹತ್ತುತ್ತದೆ, ಅಮ್ಮ ಫೋನಿನಲ್ಲಿ ಒತ್ತಿದರೂ ಹತ್ತುತ್ತದೆ. ಸಾಧಾರಣ ಬಲ್ಬ್ ಸಾಕು. ಇದಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ವೈರ್ ಬೇಕು. ಅದೇ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ನ್ಯೂಟ್ರಲ್ ಇದ್ದೇ ಇರುತ್ತದೆ. ಬರೀ ಸ್ವಿಚ್ ಮಾತ್ರ ಇರುವ ಬೋರ್ಡ್ ಆದರೆ ಎಳೆಸಬೇಕಾಗಬಹುದು. ಇದನ್ನು ನೀವೇ ಮಾಡಲು ಹೋಗಬೇಡಿ.

ಇವು ಹೆಚ್ಚಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರಿಕೊಳ್ಳುತ್ತವೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿ ಇಟ್ಟುಕೊಂಡು ‘ಕನೆಕ್ಟ್ ಆಗ್ತಿಲ್ಲ’ ಅಂತ ನನಗೆ ದಿನಾ ನಾಲ್ಕು ಫೋನ್ ಬರುತ್ತವೆ.

ಬಸ್ಸಾರು ಬಳಗ
ಸ್ಪೀಕರ್‌ಗೆ ಕನ್ನಡ ಬರದಿದ್ದರೆ ನಾವು ಮಾಡಿದ ಉಪಾಯ ಹೇಳ್ತೀನಿ. ಆ್ಯಪ್‌ನಲ್ಲಿ ಬಲ್ಬ್‌ಗೆ ‘ದೀಪ’ ಅಂತಲೇ ಹೆಸರಿಟ್ಟೆವು. ಹುಡುಗಿ ಹೆಸರು ಅಂದುಕೊಂಡು ಅದು ಚೆನ್ನಾಗಿಯೇ ಗುರುತು ಹಿಡಿಯುತ್ತದೆ. ‘ದೀಪ ಆನ್’ ಅಂದರೆ ಸಾಕು. ಅರ್ಧ ಕನ್ನಡ ಆಯಿತಲ್ಲ. ಆದರೆ ನಾದಿನಿ ಹೆಸರೂ ದೀಪ. ಅವಳು ಬಂದಾಗ ಮನೆಯಲ್ಲಿ ದೀಪಾವಳಿ.

ನಮ್ಮಮ್ಮನದು ಮಾತಾಡಿ ಟೈಪ್ ಮಾಡುವ ಹುಚ್ಚು. 2017ರಲ್ಲಿ ಗೂಗಲ್ ಕನ್ನಡಕ್ಕೆ ವಾಯ್ಸ್ ಟೈಪಿಂಗ್ ತಂದ ಮೇಲೆ ಅವರು ಕೈಯಲ್ಲಿ ಒಂದಕ್ಷರ ಒತ್ತಿಲ್ಲ. ಒಂದು ದಿನ ‘ಇವತ್ತು ಬಸ್ಸಾರು, ಬೇಗ ಬಾ’ ಅಂತ ಹೇಳಿದ್ದು ನನಗೆ ‘ಇವತ್ತು ಬಸ್ ಸಾರ್ ಬೇಗ ಬಾ’ ಅಂತ ಬಂತು. ಬಸ್ ಮುಷ್ಕರವೇನೋ ಅಂತ ಆಫೀಸಿನಿಂದ ನಾಲ್ಕಕ್ಕೇ ಹೊರಟೆ. ಅವತ್ತಿನಿಂದ ನಮ್ಮ ಫ್ಯಾಮಿಲಿ ಗ್ರೂಪಿಗೆ ಇದೇ ಹೆಸರು.

ಹಳೇ ಟಂಕಸಾಲೆ
ನಮ್ಮಪ್ಪ 2004ರಲ್ಲಿ ಅಮಿಡಾ ಸಿಂಪ್ಯೂಟರ್ ಕೊಂಡವರು! ಯಾರಿಗಾದರೂ ನೆನಪಿದೆಯಾ? ಐಐಎಸ್‌ಸಿ ಮೇಷ್ಟ್ರುಗಳು ಸೇರಿ ರೂಪಿಸಿದ್ದು, ನಮ್ಮ ಬಿಇಎಲ್‌ನಲ್ಲಿ ತಯಾರಾಗಿದ್ದು. ಅಂಗೈ ಅಗಲದ ಕಂಪ್ಯೂಟರ್. ವಾಲಿಸಿದರೆ ಪುಟ ತಿರುಗುತ್ತಿತ್ತು, ಕಡ್ಡಿಯಿಂದ ತೆರೆಯ ಮೇಲೆ ಬರೆಯಬಹುದಿತ್ತು. ಐಫೋನ್ ಬಂದಿದ್ದು 2007ರಲ್ಲಿ, ನೋಡಿ. ಅಮ್ಮ ಬಳೆ ಮಾಡಿಸಲು ಕೂಡಿಟ್ಟ ದುಡ್ಡು ಅದಕ್ಕೆ ಹೋಯಿತು. ಈಗಲೂ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇದೆ. ಬ್ಯಾಟರಿ ಹೋಗಿದೆ. ಅಪ್ಪ ತೀರಿಕೊಂಡು ಆರು ವರ್ಷ ಆಯಿತು. ಎಸೆಯೋಣ ಅಂದರೆ ಅಮ್ಮ ‘ಅದು ನನ್ನ ಬಳೆ, ಇರ್ಲಿ’ ಅನ್ನುತ್ತಾರೆ.

ಪಂಪ್‌ಹೌಸ್
ಫೋಟೋ ಹಾಕಿ.

ಹಳೇ ಟಂಕಸಾಲೆ
ಭಾನುವಾರ ಊರಿಗೆ ಹೋದಾಗ.

ಕ್ಯೂನಲ್ಲಿ ನಿಂತವನು
ಯಾರೂ ಹೇಳದ ಒಂದು ವಿಷಯ. ಗ್ಯಾಜೆಟ್ ಇಷ್ಟಪಡುವ ಹಿರಿಯರು ಹುಷಾರಾಗಿರುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ನನ್ನ ಅನುಭವ ಬೇರೆ. ಹೆದರುವವರು ಏನೂ ಒತ್ತುವುದಿಲ್ಲ. ನಮ್ಮಪ್ಪನಂಥವರು ಎಲ್ಲಾ ಒತ್ತುತ್ತಾರೆ. ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ ಅಂತ ಒಂದು ಎಪಿಕೆ ಫೈಲ್, ಅಂದರೆ ಒತ್ತಿದರೆ ಆ್ಯಪ್ ಇನ್‌ಸ್ಟಾಲ್ ಆಗುವ ಫೈಲ್, ಬಂತು. ಫೋನ್ ಬೇಡ ಅಂತ ಎಚ್ಚರಿಸಿತು. ಅಪ್ಪನಿಗೆ ಆ ಎಚ್ಚರಿಕೆ ದಾಟುವ ದಾರಿ ಗೊತ್ತಿತ್ತು, ದಾಟಿದರು. 38 ಸಾವಿರ ಹೋಯಿತು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರಿಂದ ಅರ್ಧದಷ್ಟು ದುಡ್ಡು ದಾರಿಯಲ್ಲೇ ತಡೆಹಿಡಿಯಲಾಯಿತು. ತಡ ಮಾಡಿದಷ್ಟೂ ಕಷ್ಟ.

ಈಗ ಅಪ್ಪನ ಯುಪಿಐ ಬೇರೆ ಖಾತೆಗೆ ಜೋಡಿಸಿದ್ದೇವೆ. ಅದರಲ್ಲಿ ಐದು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಪೆನ್ಷನ್ ಖಾತೆಗೆ ಫೋನಿನ ಸಂಬಂಧವೇ ಇಲ್ಲ. ದುಡ್ಡು ಬರಬೇಕಾದರೆ ಪಿನ್ ಒತ್ತುವ ಹಾಗಿಲ್ಲ, ಪೊಲೀಸರು ವಿಡಿಯೋ ಕಾಲ್‌ನಲ್ಲಿ ಯಾರನ್ನೂ ಅರೆಸ್ಟ್ ಮಾಡುವುದಿಲ್ಲ, ‘ಡಿಜಿಟಲ್ ಅರೆಸ್ಟ್’ ಅನ್ನುವುದು ಕಾನೂನಿನಲ್ಲೇ ಇಲ್ಲ. ಇಷ್ಟನ್ನು ದಪ್ಪಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇನೆ. ಅಪ್ಪ ಅದನ್ನು ಸ್ಕ್ಯಾನ್ ಮಾಡಿ ಗೆಳೆಯರಿಗೆಲ್ಲ ಕಳಿಸಿದರು.

ಎಂಟನೇ ಕ್ರಾಸ್ ಮಲ್ಲೇಶ್ವರ
ನಮ್ಮ ದೊಡ್ಡಪ್ಪ ಎಐ ಜೊತೆ ಹರಟುತ್ತಾರೆ. ಒಂದು ದಿನ ಅಲ್ಲಮಪ್ರಭುವಿನ ವಚನ ಕೇಳಿದರು. ಚೆಂದದ ಒಂದು ವಚನ ಬಂತು. ಕೊನೆಯಲ್ಲಿ ‘ಚೆನ್ನಮಲ್ಲಿಕಾರ್ಜುನ’! ಅಲ್ಲಮನ ಅಂಕಿತ ಗುಹೇಶ್ವರ ಅಲ್ವಾ, ಇದು ಅಕ್ಕನದು ಅಂತ ದೊಡ್ಡಪ್ಪ ತಿದ್ದಿದರು. ಅದು ಕ್ಷಮೆ ಕೇಳಿ, ಅದೇ ವಚನದ ಕೊನೆಗೆ ಗುಹೇಶ್ವರ ಹಾಕಿ ಕೊಟ್ಟಿತು. ದೊಡ್ಡಪ್ಪನಿಗೆ ಸಿಟ್ಟು ಬರಲಿಲ್ಲ. ‘ಹುಡುಗ ಓದಿಲ್ಲ, ಆದ್ರೆ ವಿನಯ ಇದೆ’ ಅಂದರು. ಈಗ ದಿನಾ ಅದಕ್ಕೆ ಪಾಠ ಮಾಡುತ್ತಾರೆ.

ಕಂಚನ್ 17
@ಜಾಲಹಳ್ಳಿ ಕ್ರಾಸ್ ನಮ್ಮಮ್ಮನೂ ಎಚ್‌ಎಂಟಿ. ನಿಮ್ಮಮ್ಮನಿಗೆ ಖಂಡಿತ ಗೊತ್ತಿರುತ್ತಾರೆ. ಅದಕ್ಕೇ ನೇರವಾಗಿ ಹೇಳ್ತೀನಿ, ಬೇಜಾರು ಮಾಡಿಕೊಳ್ಳಬೇಡಿ.

ಆ ಹೆಂಗಸರು ಕಣ್ಣಿಗೆ ಲೂಪ್, ಅಂದರೆ ಪುಟ್ಟ ಭೂತಗನ್ನಡಿ, ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಹಿಡಿದು ಇಡೀ ದಿನ ಕೂತವರು. ದೇಶಕ್ಕೆಲ್ಲ ಟೈಮ್ ಕೊಟ್ಟವರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆದಾಗ ಟಿವಿಯಲ್ಲಿ ಬಂದವರೆಲ್ಲ ತಾತನ ವಾಚು, ಅಪ್ಪನ ವಾಚು ಅಂತ ಮಾತಾಡಿದರು. ನಮ್ಮಮ್ಮ ಟಿವಿ ಆಫ್ ಮಾಡಿ, ‘ಕಟ್ಟಿಕೊಂಡೋರು ಎಲ್ರೂ ಮಾತಾಡಿದ್ರು, ಜೋಡಿಸ್ದೋರು ಒಬ್ರೂ ಇಲ್ಲ’ ಅಂದರು.

ಈಗಿನ ಸ್ಮಾರ್ಟ್ ವಾಚ್ ಬಿಚ್ಚಲು ಆಗುವುದಿಲ್ಲ. ಸ್ಕ್ರೂ ಇರುವುದಿಲ್ಲ, ಅಂಟು ಹಾಕಿ ಮುಚ್ಚಿರುತ್ತಾರೆ. ನಾನು ಹುಟ್ಟುಹಬ್ಬಕ್ಕೆ ಕೊಟ್ಟ ವಾಚನ್ನು ಅಮ್ಮ ಹಿಂದೆ ಮುಂದೆ ತಿರುಗಿಸಿ ನೋಡಿ, ‘ಇದಕ್ಕೆ ಬಾಗಿಲೇ ಇಲ್ವಲ್ಲೋ’ ಅಂದರು. ಕಟ್ಟಿಕೊಳ್ಳಲೇ ಇಲ್ಲ. ನಿಮ್ಮಮ್ಮ ಇನ್ನೂ ಬಾಗಿಲು ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಆ ಸುಟ್ಟ ಪ್ಲಗ್ ಎಲ್ಲಿದೆ? ಎಸೆದಿರಾ?

ಜಾಲಹಳ್ಳಿ ಕ್ರಾಸ್
ಕಸಕ್ಕೆ ಹಾಕಿದ್ದೆ. ನಿಮ್ಮ ಮಾತು ಓದಿ ಅಮ್ಮನಿಗೆ ಫೋನ್ ಮಾಡಿದೆ. ಅವತ್ತೇ ಕಸದ ಬುಟ್ಟಿಯಿಂದ ತೆಗೆದು ಇಟ್ಟುಕೊಂಡಿದ್ದಾರಂತೆ.

ಮೂರನೇ ಶಿಫ್ಟ್
ಗೊತ್ತಿತ್ತು!

ಬಸವನಗುಡಿ ಸೊಸೆ
ಆಮೇಲೆ ಏನಾಯಿತು ಬಂದು ಹೇಳಿ. ಅರ್ಧಕ್ಕೆ ಬಿಟ್ಟು ಹೋಗುವವರ ಸಂಖ್ಯೆ ಇಲ್ಲಿ ಜಾಸ್ತಿ.

ಲೈಫ್ ಸರ್ಟಿಫಿಕೇಟ್
ಅಮ್ಮನ ಹುಚ್ಚಿಗೆ ಕೆಲಸ ಕೊಡಿ ಅಂತ ನನ್ನ ಸಲಹೆ. ನಮ್ಮ ಚಿಕ್ಕಮ್ಮ ನವೆಂಬರ್ ಬಂದರೆ ಮನೆಯಲ್ಲೇ ಆಫೀಸ್ ತೆರೆಯುತ್ತಾರೆ. ಪೆನ್ಷನ್‌ದಾರರ ಜೀವನ್ ಪ್ರಮಾಣ್, ಅಂದರೆ ಬದುಕಿದ್ದಾರೆ ಅನ್ನುವ ಡಿಜಿಟಲ್ ಸರ್ಟಿಫಿಕೇಟ್, ಇದೆಯಲ್ಲ, 2014ರಲ್ಲಿ ಶುರುವಾಗಿದ್ದು, ಮೊದಲು ಬೆರಳಚ್ಚು ಬೇಕಿತ್ತು. ವಯಸ್ಸಾದವರ ಬೆರಳ ಗೆರೆ ಸವೆದು ಮಿಷನ್ ಒಪ್ಪುತ್ತಿರಲಿಲ್ಲ. 2021ರಿಂದ ಮುಖ ತೋರಿಸಿದರೆ ಆಗುತ್ತದೆ. ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್, ಎರಡು ಆ್ಯಪ್ ಸಾಕು. ಚಿಕ್ಕಮ್ಮ ಎಲ್ಲರನ್ನೂ ಕಿಟಕಿಗೆ ಮುಖ ಮಾಡಿ ಕೂರಿಸುತ್ತಾರೆ, ಕನ್ನಡಕ ತೆಗೆಸುತ್ತಾರೆ, ‘ಕಣ್ಣು ಮಿಟುಕಿಸಿ ಅಂಕಲ್, ಇನ್ನೊಂದ್ಸಲ’ ಅನ್ನುತ್ತಾರೆ. ‘ಬದುಕಿದೀರ, ಹೋಗ್ಬನ್ನಿ’ ಅಂತ ಕಳಿಸುತ್ತಾರೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಬಾಳೆಹಣ್ಣು ಮಾತ್ರ ಆ ತಿಂಗಳು ನಮ್ಮೆಲ್ಲರ ಮನೆಗೂ ಸಾಕಾಗುವಷ್ಟು ಬರುತ್ತದೆ.

ಪಂಪ್‌ಹೌಸ್
ಇದು ಒಳ್ಳೆಯದು. ಇದಕ್ಕೆ ನನ್ನ ವಿರೋಧ ಇಲ್ಲ.

ಜಾಲಹಳ್ಳಿ ಕ್ರಾಸ್
ಬಂದೆ. ಸ್ವಲ್ಪ ಉದ್ದ ಆಗುತ್ತದೆ.

ಶನಿವಾರ ಹೋದೆ. ಅಮ್ಮ ಬಾಗಿಲು ತೆಗೆದು ಒಳಗೆ ಹೋದರು. ಕಾಫಿ ಬಂತು, ಮಾತಿಲ್ಲ. ‘ಆ ಪ್ಲಗ್ ತೋರ್ಸಮ್ಮ’ ಅಂದೆ. ಒಂದು ನಿಮಿಷ ನನ್ನ ಮುಖ ನೋಡಿದರು. ಆಮೇಲೆ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಬಿಸ್ಕತ್ತಿನ ಡಬ್ಬಿ ತಂದಿಟ್ಟರು. ಒಳಗೆ ಸಾಲಾಗಿ ಸ್ಕ್ರೂಡ್ರೈವರ್‌ಗಳು, ಎರಡು ಚಿಮುಟ, ಬ್ರಷ್, ಕಪ್ಪು ಲೂಪ್. ನಾನು ಚಿಕ್ಕವನಿದ್ದಾಗ ಮುಟ್ಟಿದ್ದಕ್ಕೆ ಏಟು ತಿಂದ ಡಬ್ಬಿ ಅದು.

ಪ್ಲಗ್ಗಿಗೂ ಸ್ಕ್ರೂ ಇರಲಿಲ್ಲ. ಅಮ್ಮ ಅದರ ಅಂಚಿನ ಸುತ್ತ ಉಗುರು ಓಡಿಸಿ ಒಂದು ಕಡೆ ನಿಲ್ಲಿಸಿದರು. ಅಲ್ಲಿ ತೆಳುವಾದ ಬ್ಲೇಡ್ ತೂರಿಸಿ ಮೆಲ್ಲಗೆ ತಿರುಚಿದರು. ಟಕ್ ಅಂತು. ಒಳಗೆ ಹಸಿರು ಬೋರ್ಡ್, ಸಕ್ಕರೆ ತುಂಡಿನ ಆಕಾರದ ಒಂದು ರಿಲೇ. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು ಬಗ್ಗಿದರು. ಸೊಂಟ ನೋವು ಅಂತ ದಿನಾ ಹೇಳುವವರು ಇಪ್ಪತ್ತು ನಿಮಿಷ ಕದಲಲಿಲ್ಲ. ಆಮೇಲೆ ಲೂಪ್ ನನ್ನ ಕೈಗೆ ಕೊಟ್ಟರು. ರಿಲೇ ಸುತ್ತ ಹೊಸದರಂತೆ ಇತ್ತು. ಬೋರ್ಡ್ ಮೇಲೆ ಒಂದು ಕಲೆ ಇಲ್ಲ. ಪಿನ್ನಿನ ಬುಡ ಮಾತ್ರ ಇದ್ದಿಲು. ಪ್ಲಗ್ಗಿನ ಬೆನ್ನ ಮೇಲೆ 16 ಆಂಪಿಯರ್ ಅಂತ ಬರೆದಿತ್ತು. @ಫೇಸ್ ನ್ಯೂಟ್ರಲ್ ನೀವು ಹೇಳಿದ್ದೇ ಸರಿ, ತಪ್ಪು ಗೋಡೆಯದು. ಆ ಸಾಕೆಟ್ ಹಾಕಿಸಿದ್ದು 1999ರಲ್ಲಿ, ಹಾಕಿಸಿದವರು ಅಪ್ಪ. ಅಮ್ಮ ಇದನ್ನು ಎರಡು ಸಲ ಹೇಳಿದರು, ಎರಡನೇ ಸಲ ಹಾಲ್ ಕಡೆ ತಿರುಗಿ.

ನಾನು ತಪ್ಪಾಯ್ತು ಅಂದೆ. ‘ಬಿಡು, ಆ ಹೊಗೆ ನೋಡಿ ನಂಗೂ ಭಯ ಆಗಿತ್ತು’ ಅಂದರು.

ಭಾನುವಾರ ಎಲೆಕ್ಟ್ರಿಷಿಯನ್ ಬಂದರು. ಗೀಸರ್‌ಗೆ ಡಬಲ್ ಪೋಲ್ ಸ್ವಿಚ್, ಮೇನ್‌ಗೆ ಆರ್‌ಸಿಸಿಬಿ ಆಯಿತು. ಹಾಲ್, ರೂಮು, ಅಡುಗೆಮನೆಯ ಬೋರ್ಡ್‌ಗಳ ಒಳಗೆ ಮಾಡ್ಯೂಲ್ ಕೂತವು. ಅಡುಗೆಮನೆಗೆ ನ್ಯೂಟ್ರಲ್ ಎಳೆಯಬೇಕಾಯಿತು. ಅಮ್ಮ ಟಾರ್ಚ್ ಹಿಡಿದು ಪಕ್ಕದಲ್ಲೇ ನಿಂತು ಪ್ರಶ್ನೆ ಕೇಳಿದ್ದಕ್ಕೆ ಒಂದು ಗಂಟೆಯ ಕೆಲಸ ಮೂರು ಗಂಟೆ ಆಯಿತು. ಆ ಮನುಷ್ಯ ಹೊರಡುವಾಗ, ‘ಮೇಡಂ, ನೀವೇ ಮಾಡಬಹುದಿತ್ತು’ ಅಂದರು. ಅದನ್ನು ಅವರು ಹೇಳಬಾರದಿತ್ತು.

ಪ್ಲಾಸ್ಟರ್‌ಗಳನ್ನು ಅಪ್ಪನೇ ಕಿತ್ತರು. ಅಂಟಿನ ಕಲೆ ಹಾಗೇ ಇದೆ, ಸೀಮೆಎಣ್ಣೆಯಲ್ಲಿ ಒರೆಸ್ತೀನಿ ಅಂದಿದ್ದಾರೆ. ಸಂಜೆ ಆರೂವರೆಗೆ ಹಾಲ್‌ನ ಸ್ವಿಚ್ ಒತ್ತಿದರು. ಹತ್ತಿತು. ಆಫ್ ಮಾಡಿದರು. ಮತ್ತೆ ಒತ್ತಿದರು. ಅಡುಗೆಮನೆಯಿಂದ ಅಮ್ಮ ಫೋನಿನಲ್ಲಿ ಆರಿಸಿದರು. ಅಪ್ಪ ಮತ್ತೆ ಒತ್ತಿದರು. ನಾನು ಹೊರಡುವಾಗಲೂ ಇಬ್ಬರೂ ನಿಲ್ಲಿಸಿರಲಿಲ್ಲ. ಗೇಟಿನ ಹತ್ತಿರ ನಿಂತು ನೋಡಿದರೆ ಕಿಟಕಿ ಹತ್ತುತ್ತಿದೆ, ಆರುತ್ತಿದೆ. ಎದುರು ಮನೆಯವರು ಹೊರಗೆ ಬಂದು, ‘ಏನ್ ಸಾರ್, ಕರೆಂಟ್ ಪ್ರಾಬ್ಲಮ್ಮಾ?’ ಅಂತ ಕೇಳಿದರು.

ಕಂಚನ್ 17
ನಿಮ್ಮಮ್ಮನ ನಂಬರ್ ನಮ್ಮಮ್ಮನ ಹತ್ತಿರ ಇದೆಯಂತೆ. ಇಬ್ಬರೂ ಬುಧವಾರ ಎಸ್‌ಪಿ ರೋಡಿಗೆ ಹೋಗುತ್ತಿದ್ದಾರೆ. ಆ ಬಾಗಿಲಿಲ್ಲದ ವಾಚನ್ನೂ ಬ್ಯಾಗಿಗೆ ಹಾಕಿಕೊಂಡಿದ್ದಾರೆ.

ಜಾಲಹಳ್ಳಿ ಕ್ರಾಸ್
ಅಯ್ಯೋ.